ತಾಮ್ರ ಕಂಡರೆ ಅಮ್ಮನ ಕೈ ಸುಮ್ಮನಿರಲ್ಲ

ನಿನ್ನೆಯಿಂದ ಬಲಗೈ ಹೆಬ್ಬೆರಳು ಮಡಚಲು ಆಗುತ್ತಿಲ್ಲ. ಒಂದೂವರೆ ಗಂಟೆ ಕೂತು ಪಿನ್ನಿನಲ್ಲಿ ಗೀಚಿದ್ದರ ಫಲ. ಗೀಚಿದ್ದಾದರೂ ಉಳಿಯಿತಾ ಅಂದರೆ, ಅದೂ ಇಲ್ಲ.

ಟ್ಯಾಂಕ್ ರಗಳೆ ನಿಮ್ಮ ಮನೆಯಲ್ಲೂ ಇದ್ದದ್ದೇ ಅಲ್ವಾ? ಮೋಟಾರ್ ಹಾಕಿ ಮರೆಯೋದು, ಪಕ್ಕದ ಮನೆಯವರು "ನೀರು ಹೋಗ್ತಿದೆ ರೀ" ಅಂತ ಕೂಗೋದು. ಟ್ಯಾಂಕ್ ತುಂಬಿದ ಕೂಡಲೇ ಕಿರುಚುವ ಅಲಾರಂ ನಾನೇ ಮಾಡುತ್ತೇನೆ ಅಂತ ಹೊರಟೆ. ಒಂದು 555 ಐಸಿ (ಸದ್ದಿನ ಮಿಡಿತ ಹುಟ್ಟಿಸುವ ಪುಟ್ಟ ಚಿಪ್), ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಸ್ಪೀಕರ್. ಇವನ್ನೆಲ್ಲ ಒಂದಕ್ಕೊಂದು ಸೇರಿಸೋಕೆ ವೈರಿನ ಬದಲು ತಾಮ್ರದ ಗೆರೆಗಳಿರುವ ಬೋರ್ಡು. "ರೆಡಿಮೇಡ್ ಸಿಗುತ್ತಲ್ರೀ" ಅಂದಳು ಹೆಂಡತಿ. ಸರಿಯಾದ ಮಾತು. ಅದಕ್ಕೇ ಕೋಪ ಬಂತು.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಿಂದ ತಾಮ್ರದ ಬೋರ್ಡು, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ತಂದೆ. ಬೋರ್ಡಿನ ಒಂದು ಬದಿ ರಟ್ಟಿನಂಥ ಕಂದು ಹಲಗೆ, ಇನ್ನೊಂದು ಬದಿ 35 ಮೈಕ್ರಾನಿನ ತಾಮ್ರದ ಹಾಳೆ. ತಾಮ್ರಕ್ಕೆ ಪೂರ್ತಿ ನೇಲ್ ಪಾಲಿಶ್ ಬಳಿಯಬೇಕು. ಒಣಗಿದ ಮೇಲೆ, ತಾಮ್ರ ಎಲ್ಲಿ ಬೇಡವೋ ಅಲ್ಲಷ್ಟೇ ಕೆರೆಯಬೇಕು. ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲಸಿದ ಫೆರಿಕ್ ಕ್ಲೋರೈಡಿನಲ್ಲಿ (ನೋಡಲು ಥೇಟ್ ಡಿಕಾಕ್ಷನ್, ಸ್ಟೀಲ್ ಸಿಂಕನ್ನೂ ತಿನ್ನುತ್ತೆ) ಮುಳುಗಿಸಿದರೆ, ಕೆರೆದ ಕಡೆ ತಾಮ್ರ ಕರಗುತ್ತೆ, ಬಣ್ಣದ ಅಡಿಯದು ಉಳಿಯುತ್ತೆ.

ಕೇಳೋಕೆ ಚೆಂದ. ಐಸಿಯ ಕಾಲಿನಿಂದ ಕಾಲಿಗೆ 2.54 ಮಿ.ಮೀ. ಅದರ ನಡುವೆ ಗೆರೆ ಎಳೆಯುವಾಗ ಉಸಿರು ಬಿಟ್ಟರೂ ಪಿನ್ನು ಜಾರುತ್ತೆ. ಕೂದಲೆಳೆಯಷ್ಟು ತಾಮ್ರ ಉಳಿದರೂ ಶಾರ್ಟ್. ಮೊದಲ ಬೋರ್ಡಿನಲ್ಲಿ ನಕ್ಷೆ ತಿರುವಿ ಬರೆಯೋದನ್ನೇ ಮರೆತಿದ್ದೆ, ಆ ಕಥೆ ಬೇಡ. ಇದು ಎರಡನೆಯದು. ಕೆರೆಯೋದು ಮುಗಿಸಿ, ಕಾಫಿ ಕುಡಿದು ಬರೋಣ ಅಂತ ಅಡುಗೆಮನೆ ಕಟ್ಟೆ ಮೇಲಿಟ್ಟೆ.

ಅಲ್ಲೇ ಕೆಟ್ಟೆ.

ನಮ್ಮಮ್ಮನಿಗೆ ತಾಮ್ರ ಕಂಡರೆ ಕೈ ಸುಮ್ಮನಿರಲ್ಲ. ವಾರವಾರ ಪಂಚಪಾತ್ರೆ, ಉದ್ಧರಣೆ, ಚೊಂಬು ಎಲ್ಲಕ್ಕೂ ಹುಣಸೆಹಣ್ಣಿನ ಸ್ನಾನ. ನೆಂಟರು ತಂದ ತಾಮ್ರದ ನೀರಿನ ಬಾಟಲಿಯನ್ನು ಅವರ ಊಟ ಮುಗಿಯುವಷ್ಟರಲ್ಲಿ ತಿಕ್ಕಿಟ್ಟಿದ್ದಳು, ಒಳಗಿದ್ದ ನೀರು ಚೆಲ್ಲಿ. ಎಲೆಕ್ಟ್ರಿಷಿಯನ್ ಬಿಟ್ಟುಹೋದ ವೈರಿನ ತುದಿಯೊಂದು ಮಾರನೇ ದಿನ ಫಳಫಳ ಅನ್ನುತ್ತಿತ್ತು. ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಡುಗೆಮನೆಯಿಂದ ಸರಸರ ಸದ್ದು ಬಂತು. ಓಡಿದೆ.

"ಯಾರೋ ಬಣ್ಣ ಬಳಿದು ಹಾಳು ಮಾಡಿದ್ರು ಕಣೋ. ಸಾಲದ್ದಕ್ಕೆ ಮೇಲೆಲ್ಲ ಗೀಚಿಬಿಟ್ಟಿದ್ರು. ಹುಣಸೆಹಣ್ಣಿಗೆ ಬಗ್ಗಲಿಲ್ಲ. ಸ್ಟೀಲ್ ಸ್ಕ್ರಬ್ಬರ್ ಹಾಕಿದೆ ನೋಡು."

ಬೋರ್ಡಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಬಾಯಿ ತೆರೆದಿತ್ತು.

ಕೂಗಬೇಕು ಅಂದುಕೊಂಡೆ. ಊರಿನ ಬಚ್ಚಲಿನ ಹಂಡೆ ನೆನಪಾಯಿತು. ನೀರು ತುಂಬುವ ಹಬ್ಬದ ದಿನ ಅಮ್ಮ ಅದರೊಳಗೆ ಅರ್ಧ ಮೈ ತೂರಿಸಿ ತಿಕ್ಕುತ್ತಿದ್ದಳು. ಆಮೇಲೆ ಸುಣ್ಣದ ಗೆರೆ ಎಳೆದು, ಕಂಠಕ್ಕೆ ಬಳ್ಳಿ ಸುತ್ತಿ, ಬಾವಿ ನೀರು ತುಂಬುತ್ತಿದ್ದಳು. ಗೀಸರ್ ಬಂದ ಮೇಲೆ ಹಂಡೆಯನ್ನು ತೂಕಕ್ಕೆ ಹಾಕಿದವನು ನಾನೇ. ಅಮ್ಮ ಅವತ್ತು ಏನೂ ಅಂದಿರಲಿಲ್ಲ.

"ಚೆನ್ನಾಗಿದೆ ಅಮ್ಮ" ಅಂದೆ, ಹೆಬ್ಬೆರಳು ಒತ್ತಿಕೊಳ್ಳುತ್ತಾ.

ಅವಳು ಬೋರ್ಡನ್ನು ಮಗುಚಿ ಹಿಡಿದು ದನಿ ತಗ್ಗಿಸಿದಳು. "ಹಿಂದುಗಡೆ ಬರೀ ರಟ್ಟು ಕಣೋ. ಅಂಗಡಿಯವನು ನಿಂಗೆ ಟೋಪಿ ಹಾಕಿದಾನೆ."