ಆಲ್ಬಂ ಟಿಕೆಟ್ ಹಂಚಿಕೆ

ನಮ್ಮಣ್ಣನ ಮಗಳ ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಹುಡುಗಿ ಅತ್ತೆ ಮನೆಗೆ ಹೊಂದಿಕೊಂಡಿದ್ದಾಳೆ, ಅಳಿಯ ನಮಗೆ ಹೊಂದಿಕೊಂಡಿದ್ದಾನೆ, ಛತ್ರದ ಬಾಕಿಯೂ ತೀರಿದೆ. ಆಲ್ಬಂ ಮಾತ್ರ ಆಗಿಲ್ಲ. ಯಾಕೆ ಅಂದರೆ ಫೋಟೋ ಸೆಲೆಕ್ಷನ್ ಆಗಿಲ್ಲ. ಸೆಲೆಕ್ಷನ್ ಯಾಕೆ ಆಗಿಲ್ಲ ಅಂದರೆ ಇರೋ ಫೋಟೋ 7,312.

ಇದೇನೋ ನಮ್ಮನೆಯ ಸೋಮಾರಿತನ ಅಂದುಕೊಳ್ಳಬೇಡಿ. ಈಚೆಗೆ ಮದುವೆ ಮಾಡಿದ ಯಾರ ಮನೆಗಾದರೂ ಹೋಗಿ ಬೀರು ತೆಗೆಸಿ. ರೇಷ್ಮೆ ಸೀರೆಗಳ ಮಧ್ಯೆ, ನುಸಿಗುಳಿಗೆ ಪಕ್ಕದಲ್ಲಿ, ಒಂದು ಹಾರ್ಡ್ ಡಿಸ್ಕ್ ಬೆಚ್ಚಗೆ ಮಲಗಿರುತ್ತದೆ. ಕೇಳಿದರೆ "ಸೆಲೆಕ್ಟ್ ಮಾಡ್ಬೇಕು" ಅನ್ನುತ್ತಾರೆ. ಅಷ್ಟರಲ್ಲಿ ಆ ದಂಪತಿಯ ಮಗು ಶಾಲೆಗೆ ಸೇರಿರುತ್ತದೆ.

ನನ್ನ ಮದುವೆ ಆಗಿದ್ದು 1989ರಲ್ಲಿ. ಮೂರು ರೋಲು, ರೋಲಿಗೆ 36. ಒಟ್ಟು 108, ಸರಿಯಾಗಿ ಒಂದು ಅಷ್ಟೋತ್ತರ. ಫೋಟೋಗ್ರಾಫರ್ ಒಂದೊಂದು ಕ್ಲಿಕ್ಕನ್ನೂ ಸ್ವಂತ ಜೇಬಿನಿಂದ ತೆಗೆದ ಹಾಗೆ ತೆಗೆಯುತ್ತಿದ್ದ. ಮಕ್ಕಳು ಬಂದು ಕಾಟ ಕೊಟ್ಟರೆ ಸುಮ್ನೆ ಫ್ಲ್ಯಾಷ್ ಮಾತ್ರ ಹೊಡೆದು ಕಳಿಸುತ್ತಿದ್ದ, ಅವೂ ಖುಷಿಯಾಗಿ ಹೋಗುತ್ತಿದ್ದವು. ಈಗಿನ 7,312 ಅಂದರೆ ಏಳು ಸಹಸ್ರನಾಮ ಮುಗಿಸಿ ಎಂಟನೆಯದಕ್ಕೆ ಕೂತ ಹಾಗೆ.

ಇಷ್ಟು ಫೋಟೋ ಹೇಗೆ ಹುಟ್ಟಿದವು ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದು ಅದನ್ನ ಮಾತ್ರ, ಮದುವೆಯನ್ನಲ್ಲ. ಮದುವೆ ಕ್ಯಾಮೆರಾದವರ ಬೆನ್ನಿನ ಆಚೆ ನಡೆಯಿತು. ಮಂಟಪದ ಮುಂದೆ ಎರಡು ಕ್ಯಾಮೆರಾ, ಎರಡು ವಿಡಿಯೋ, ದೀಪ ಹಿಡಿದವನೊಬ್ಬ, ಅವನ ವೈರ್ ಹಿಡಿದವನೊಬ್ಬ. ಮುಂದಿನ ಸಾಲಿನಲ್ಲಿ ಕೂತ ನೆಂಟರು ಹತ್ತಡಿ ದೂರದ ಮದುವೆಯನ್ನ ಎಲ್‌ಇಡಿ ಪರದೆ ಮೇಲೆ ನೋಡಿ ಅಕ್ಷತೆ ಎಸೆದರು. ಅದೆಲ್ಲ ಬಿದ್ದದ್ದು ಕ್ಯಾಮೆರಾದವರ ತಲೆ ಮೇಲೆ. ಆಶೀರ್ವಾದದ ಲೆಕ್ಕ ಹಾಕಿದರೆ ಆ ಹುಡುಗರು ನೂರು ವರ್ಷ ಸುಖವಾಗಿ ಬಾಳಬೇಕು.

ಜೀರಿಗೆ ಬೆಲ್ಲ ಹಾಕೋ ಹೊತ್ತಿಗೆ "ಶಾಸ್ತ್ರಿಗಳೇ, ಒಂದ್ನಿಮಿಷ, ಅಂತರಪಟ ಸ್ವಲ್ಪ ಕೆಳಗೆ" ಅಂತ ಆಜ್ಞೆಯಾಯಿತು. ಪಂಚಾಂಗ ನೋಡಿ, ಜಾತಕ ನೋಡಿ, ರಾಹುಕಾಲ ಕಳೆದು ಇಟ್ಟ ಮುಹೂರ್ತ. ಅದನ್ನ ಹೋಲ್ಡ್‌ನಲ್ಲಿ ಇಟ್ಟು ಲೆನ್ಸ್ ಬದಲಾಯಿಸಿದರು. ತಾಳಿ ಕಟ್ಟಿದ್ದು ಒಂದು ಸಲ ಶಾಸ್ತ್ರಕ್ಕೆ, ಇನ್ನೊಂದು ಸಲ ಸ್ಟಿಲ್‌ಗೆ, ಮತ್ತೊಂದು ಸಲ ವಿಡಿಯೋಗೆ. ಮೂರು ಸಲವೂ ಗಟ್ಟಿಮೇಳ. ಆ ಪ್ರಕಾರ ನಮ್ಮ ಅಳಿಯನಿಗೆ ಮೂರು ಮದುವೆ, ಪುಣ್ಯಕ್ಕೆ ಹುಡುಗಿ ಒಬ್ಬಳೇ.

ಸೆಲೆಕ್ಷನ್ ಕೆಲಸ ನನ್ನ ತಲೆಗೆ ಬಂದದ್ದಕ್ಕೆ ಕಾರಣ ಸರಳ. ನನ್ನ ಹತ್ತಿರ ಟ್ಯಾಬ್ ಇದೆ. "ದೊಡ್ಡ ಸ್ಕ್ರೀನಲ್ಲಿ ಎಲ್ಲರೂ ಕೂತು ನೋಡ್ಬೋದಲ್ವಾ" ಅಂದರು ಅತ್ತಿಗೆ. ನಮ್ಮ ವಂಶದಲ್ಲಿ ಯಾವ ವಸ್ತು ಇದ್ದರೂ ಅದರ ಜೊತೆ ಒಂದು ಚಾಕರಿ ಬಂದೇ ಬರುತ್ತದೆ.

ಮೊದಲ ಅಡ್ಡಿ, ಫೋಟೋ ಟ್ಯಾಬಿಗೆ ಹಿಡಿಸಲಿಲ್ಲ. ಒಂದೊಂದು ಫೋಟೋ ಸುಮಾರು 10 ಎಂಬಿ, ಒಟ್ಟು 73 ಜಿಬಿ. ಟ್ಯಾಬ್ ಇರೋದೇ 64 ಜಿಬಿ, ಅದರಲ್ಲೂ ನನಗೆ ದಿನಾ ಬೆಳಿಗ್ಗೆ ಬರುವ ಸೂರ್ಯೋದಯ, ಗುಲಾಬಿ, ಶುಭ ಮಂಗಳವಾರಗಳು ಅರ್ಧ ಜಾಗ ಹಿಡಿದು ಕೂತಿದ್ದವು. ಮಗ ಎಲ್ಲವನ್ನೂ ಲ್ಯಾಪ್‌ಟಾಪ್‌ನಲ್ಲಿ ಚಿಕ್ಕದು ಮಾಡಿಕೊಟ್ಟ. ಎರಡು ಕ್ಯಾಮೆರಾಗೆ ಎರಡು ಫೋಲ್ಡರ್ ಇದ್ದವು, ನೋಡೋಕೆ ಸುಲಭವಾಗಲಿ ಅಂತ ನಾನು ಎರಡನ್ನೂ ಒಂದೇ ಮಾಡಿದೆ. ಇದೇ ಹೆಸರಿನ ಫೈಲ್ ಈಗಾಗಲೇ ಇದೆ, ಏನು ಮಾಡಲಿ ಅಂತ ಕೇಳಿತು. ಎರಡೂ ಇರಲಿ ಅಂತ ಒತ್ತಿದೆ. ಮನೆ ಒಡೆಯಬಾರದು, ಅಲ್ವಾ. ಈ ಒತ್ತಿದ್ದರ ಫಲ ಮುಂದೆ ಬರುತ್ತದೆ.

ಟೈಮ್ ಪ್ರಕಾರ ಜೋಡಿಸಿದೆ. ಎಲ್ಲರೂ ಹೋಳಿಗೆ ಊಟ ಮಾಡಿ, ಎಲೆ ಮಡಿಸಿ, ಕೈ ತೊಳೆದ ಮೇಲೆ ಅಳಿಯ ತಾಳಿ ಕಟ್ಟಿದ! ಎರಡನೇ ಕ್ಯಾಮೆರಾದ ಗಡಿಯಾರ ಜಪಾನ್ ಸಮಯದಲ್ಲೇ ಇತ್ತು, ನಮಗಿಂತ ಮೂರೂವರೆ ಗಂಟೆ ಮುಂದೆ. ಬೀಗರ ಕಡೆ ಹಿರಿಯರೊಬ್ಬರು ಇದನ್ನ ನೋಡಿ ಗಂಭೀರವಾಗಿ, "ಹಾಗಾದ್ರೆ ಮುಹೂರ್ತ ಯಾವ ಕ್ಯಾಮೆರಾದ್ದು ಅಂತ ತಗೋಬೇಕು?" ಅಂದರು. ಯಾರೂ ಉತ್ತರ ಕೊಡಲಿಲ್ಲ.

ಆಮೇಲೆ ಮುಖ ಗುರುತಿಸೋ ಸೌಲಭ್ಯ. ಟ್ಯಾಬ್ ತಾನೇ ಮುಖ ನೋಡಿ ಗುಂಪು ಮಾಡುತ್ತದಂತೆ, ಭಾರಿ ಬುದ್ಧಿಯಂತೆ. ಅದು ನಮ್ಮ ಹುಡುಗಿಯನ್ನ ಮೂವರನ್ನಾಗಿ ಮಾಡಿತು: ಮೇಕಪ್ಪಿಗೆ ಮುಂಚೆ ಒಬ್ಬಳು, ಧಾರೆಯಲ್ಲಿ ಒಬ್ಬಳು, ರಿಸೆಪ್ಷನ್ನಿಗೆ ಬಂದವಳು ಯಾರೋ ಹೊಸಬಳು. ಇದು ಟ್ಯಾಬಿನ ತಪ್ಪಲ್ಲ, ಆವತ್ತು ನಮ್ಮ ಅತ್ತೆಯವರೂ ಹಾಗೇ ಗಲಿಬಿಲಿಗೊಂಡಿದ್ದರು. ಬೀಗರನ್ನೂ ಅವರ ತಮ್ಮನನ್ನೂ ಸೇರಿಸಿ ಒಬ್ಬರನ್ನೇ ಮಾಡಿತು. ಆಸ್ತಿ ವಿಚಾರದಲ್ಲಿ ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿವೆ. ಎಲ್ಲಕ್ಕಿಂತ ಜಾಸ್ತಿ ಫೋಟೋದಲ್ಲಿ ಬಿದ್ದ ವ್ಯಕ್ತಿ ಯಾರು ಗೊತ್ತೇ? ವೇದಿಕೆ ಪಕ್ಕದ ಗೋಡೆಯಲ್ಲಿ ಗಂಧದ ಹಾರ ಹಾಕಿಸಿಕೊಂಡು ತೂಗುತ್ತಿದ್ದ, ಛತ್ರ ಕಟ್ಟಿಸಿದ ದಾನಿಗಳು. 612 ಫೋಟೋ. ಹುಡುಗನ ಅಪ್ಪನಿಗೆ 188.

ಇನ್ನು ಟಿಕೆಟ್ ಹಂಚಿಕೆ. ಆಲ್ಬಂನಲ್ಲಿ ಜಾಗ ಇರೋದು 220 ಫೋಟೋಗೆ, ನಮ್ಮ ವಿಧಾನಸಭೆಗಿಂತ ನಾಲ್ಕು ಸೀಟು ಕಮ್ಮಿ. ಗದ್ದಲ ಮಾತ್ರ ಏನೂ ಕಮ್ಮಿ ಇಲ್ಲ. ಫೋಟೋಗೆ ಐದು ಸೆಕೆಂಡ್ ಅಂದರೂ ಒಂದು ಸಲ ನೋಡಿ ಮುಗಿಸೋಕೆ ಹತ್ತು ಗಂಟೆ ಬೇಕು ಅಂತ ನಾನು ಮೊದಲೇ ಲೆಕ್ಕ ಹಾಕಿದ್ದೆ. ಆದರೆ ಐದು ಸೆಕೆಂಡಿಗೆ ಫೋಟೋ ಸರಿಸೋಕೆ ಅತ್ತಿಗೆ ಬಿಡಬೇಕಲ್ಲ. ಬೆರಳು ಅಡ್ಡ ಇಟ್ಟು, ಎರಡೆರಡು ಬೆರಳಲ್ಲಿ ಹಿಗ್ಗಿಸಿ, ಯಾರೋ ಉಟ್ಟ ಸೀರೆಯ ಅಂಚಿನ ತನಕ ಹೋಗಿ, "ಇದು ನಾನು ಕೊಟ್ಟಿದ್ದಲ್ವಾ? ಇದನ್ನೇ ಉಟ್ಕೊಂಡ್ ಬಂದಿದಾಳೆ ನೋಡಿ" ಅಂತ ಹದಿನೈದು ನಿಮಿಷ. ಮೊದಲ ಭಾನುವಾರ ಮೂರು ಗಂಟೆ ಕೂತು, ಎರಡು ಸುತ್ತು ಕಾಫಿ, ಒಂದು ತಟ್ಟೆ ಕೋಡುಬಳೆ ಖಾಲಿಯಾದಾಗ ನಾವು 340ನೇ ಫೋಟೋದಲ್ಲಿದ್ದೆವು. ಇನ್ನೂ ಮೆಹೆಂದಿಯೇ ಒಣಗಿರಲಿಲ್ಲ.

ಆಕಡೆ ಈಕಡೆ ಸಮಾನ ಪ್ರಾತಿನಿಧ್ಯ ಬೇಕು. ಹುಡುಗಿಯ ಸೋದರಮಾವನಿಗೆ ಒಂಟಿ ಫೋಟೋ ಕೊಟ್ಟರೆ ಹುಡುಗನ ಸೋದರಮಾವನಿಗೂ ಕೊಡಬೇಕು. ಆದರೆ ಅವರು 7,312ರಲ್ಲಿ ಎಲ್ಲೂ ಕಣ್ಣು ಬಿಟ್ಟಿಲ್ಲ. ಅಷ್ಟೂ ಫೋಟೋ ಹುಡುಕಿ ನಾನೇ ಕಣ್ಣು ಮುಚ್ಚುವಂತಾದೆ. ಇತ್ತ ಟಿಕೆಟ್ ಸಿಗದ ಚಿಕ್ಕಮ್ಮ ಒಬ್ಬರು ಬಂಡಾಯ ಎದ್ದು, ತಮ್ಮ ಮೊಬೈಲಿನಲ್ಲಿ ತೆಗೆದಿದ್ದನ್ನ ನೇರ ಸ್ಟುಡಿಯೋಗೆ ಕಳಿಸಿಬಿಟ್ಟರು.

ಅತ್ತಿಗೆಗೆ ತಾನು ದಪ್ಪ ಕಾಣೋ ಫೋಟೋ ಇರಕೂಡದು. ನಾನು ಕಾಫಿ ತರೋಕೆ ಎದ್ದಾಗೆಲ್ಲ ನಾಲ್ಕೈದು ಮಾಯವಾಗುತ್ತಿದ್ದವು. ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಸತ್ತವರು ಹದಿಮೂರು ದಿನಕ್ಕೆ ವೈಕುಂಠ ಸೇರುತ್ತಾರೆ, ನನ್ನ ಟ್ಯಾಬಿನಲ್ಲಿ ಡಿಲೀಟ್ ಮಾಡಿದ ಫೋಟೋ 30 ದಿನ ಮನೆಯಲ್ಲೇ ಓಡಾಡಿಕೊಂಡಿರುತ್ತದೆ. ಎಲ್ಲವನ್ನೂ ವಾಪಸ್ ತಂದೆ. ಅವತ್ತಿಂದ ನನಗೆ ಕೋಡುಬಳೆ ನಿಂತಿತು.

ಮದುಮಗಳನ್ನೇ ಕೇಳೋಣ ಅಂತ ಒಂದು ಸಲ ಟ್ಯಾಬ್ ಅವಳ ಕೈಗೆ ಕೊಟ್ಟೆವು. ಚಪ್ಪಲಿಯ ಫೋಟೋ 19, ಹೂವಿನ ಮೇಲಿಟ್ಟ ಉಂಗುರ 26, ಬಣ್ಣದ ಹೊಗೆ ಮಧ್ಯೆ ಗಂಡನ ಕೈ ಹಿಡಿದು ಓಡಿದ್ದು ಇನ್ನೂರಕ್ಕೂ ಜಾಸ್ತಿ. ಎಲ್ಲ ಸರಸರ ಸರಿಸಿದಳು. "ಚಿಕ್ಕಪ್ಪ, ಯಾವ್ದಾದ್ರೂ ಹಾಕಿ, ನನ್ನ ಡಿಪಿ ಆಗ್ಲೇ ಆಯ್ತು" ಅಂದಳು. ಡಿಪಿಯಲ್ಲಿ ಇರೋದು ಮೇಕಪ್ ರೂಮಿನಲ್ಲಿ ಅವಳ ತಂಗಿ ಫೋನಲ್ಲಿ ತೆಗೆದದ್ದು, ಅರ್ಧ ಜಡೆ, ಬಾಯಲ್ಲಿ ಇಡ್ಲಿ.

ಕೊನೆಗೆ ಹೃದಯದ ಗುರುತು ಒತ್ತಿದ 220 ನಂಬರ್ ಬರೆದು ಕಳಿಸಿದೆ. ಕಳೆದ ವಾರ ಆಲ್ಬಂನ ಮಾದರಿ ಬಂತು. ಮಧ್ಯದ ಎರಡೂ ಪುಟ ತುಂಬಿಕೊಂಡು, ಅಂಚಿಗೆ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಓರೆ ಅಕ್ಷರದಲ್ಲಿ 'ಎಂದೆಂದಿಗೂ ಜೊತೆಯಾಗಿ' ಅಂತ ಇಂಗ್ಲಿಷಿನಲ್ಲಿ. ಮೇಲೆ ಸಾಂಬಾರ್ ಕೊಳಗ.

ವಿಚಾರಿಸಿದೆ. ಕ್ಯಾಮೆರಾ 9999ರ ತನಕ ಎಣಿಸಿ ಮತ್ತೆ 0001ರಿಂದ ಶುರು ಮಾಡುತ್ತದಂತೆ. ಎರಡು ಕ್ಯಾಮೆರಾದಲ್ಲೂ 0457 ಇತ್ತು. ಒಂದು ಧಾರೆ ಎರೆಯೋದು, ಒಂದು ಅಡುಗೆಮನೆ. ನಾನು ಮನೆ ಒಡೆಯಬಾರದು ಅಂತ ಒಂದೇ ಫೋಲ್ಡರಿಗೆ ಹಾಕಿದ್ದೆನಲ್ಲ, ಕ್ಯಾಮೆರಾ ಯಾವುದು ಅಂತ ಬರೆದಿರಲಿಲ್ಲ.

ಅತ್ತಿಗೆ ಒಂದು ಗಂಟೆ ನನ್ನ ಜನ್ಮ ಜಾಲಾಡಿದರು. ಅಣ್ಣ ಮಾತಾಡದೆ ಟ್ಯಾಬ್ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಕೊಳಗವನ್ನ ಹಿಗ್ಗಿಸಿದ. ಹಬೆ ಆಚೆ ಒಬ್ಬ ನಿಂತಿದ್ದ. ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ಲು, ಅಡುಗೆಯವರ ಹತ್ತಿರ ಮೂರನೇ ಪಂಕ್ತಿಗೆ ಸಾಲುತ್ತಾ ಅಂತ ಕೈಸನ್ನೆಯಲ್ಲಿ ಕೇಳುತ್ತಿದ್ದ. ಅದು ಅಣ್ಣ. ಆವತ್ತು ಅವನೊಬ್ಬನೇ ಇರುವ ಬೇರೆ ಫೋಟೋ ಇದೆಯಾ ಅಂತ ಹುಡುಕಿದೆವು. ಇರಲಿಲ್ಲ.

"ಇದು ಇರ್ಲಿ ಬಿಡೋ" ಅಂದ.

"ಬೀಗರು ನೋಡಿದ್ರೆ ಏನಂತಾರೆ?" ಅಂದರು ಅತ್ತಿಗೆ.

ಭಾನುವಾರ ಇದರ ಮೇಲೆ ಮೀಟಿಂಗ್ ಇದೆ. ಬೀಗರೂ ಬರುತ್ತಾರೆ, ಅವರ ತಮ್ಮನೂ ಬರುತ್ತಾರಂತೆ, ಬೇರೆ ಬೇರೆ ಹೊತ್ತಿಗೆ. ಟ್ಯಾಬ್ ಚಾರ್ಜಿಗೆ ಹಾಕಿದ್ದೇನೆ.