ಗೆರೆ ಯಾಕೆ ಅಡ್ಡ ಮಲಗುತ್ತದೆ?

ಗ್ರಾಫಿನಲ್ಲಿ ಗೆರೆ ಎಳೆಯುವ ಬಗ್ಗೆ ನಿಮ್ಮ ಬರಹ ಓದಿದೆ. ವೈ = 4 ಅನ್ನುವ ಸಮೀಕರಣದಲ್ಲಿ ಎಕ್ಸ್ ಕಾಣಿಸುವುದೇ ಇಲ್ಲ, ಮಕ್ಕಳು ಎಡವುವುದು ಅಲ್ಲೇ ಅಂತ ಬರೆದಿದ್ದೀರಿ. ನಿಜ. ಸಾಗರದ ನಮ್ಮ ಮನೆಯಲ್ಲಿ ಮಗಳು 4ರ ಹತ್ತಿರ ಒಂದೇ ಒಂದು ಚುಕ್ಕಿ ಇಟ್ಟು ಸುಮ್ನೆ ಕೂತಿದ್ದಳು. ಆಗ ನಾನು ಲಿಂಗನಮಕ್ಕಿ ಡ್ಯಾಮಿನ ಲೆಕ್ಕ ತೆಗೆದೆ. ದಿನಾ ನೀರಿನ ಮಟ್ಟ ಗುರುತಿಸಿದರೆ ಮಳೆಗಾಲದಲ್ಲಿ ಗೆರೆ ಏರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ, ಆದರೆ ಡ್ಯಾಮಿನಲ್ಲಿ ನೀರು ನಿಲ್ಲಬಹುದಾದ ಗರಿಷ್ಠ ಮಟ್ಟ ಜೂನ್ 1ಕ್ಕೂ 1819 ಅಡಿ, ಆಗಸ್ಟ್ 20ಕ್ಕೂ 1819 ಅಡಿ, ಬೇಸಿಗೆಯಲ್ಲಿ ನೀರು ಎಷ್ಟೇ ತಗ್ಗಿದರೂ 1819 ಅಡಿಯೇ. ದಿನ ಅಂದರೆ ಎಕ್ಸ್, ಗರಿಷ್ಠ ಮಟ್ಟ ಅಂದರೆ ವೈ, ದಿನಕ್ಕೊಂದು ಚುಕ್ಕಿ ಇಡು ಅಂದೆ. ಐದಾರು ಇಡುವಷ್ಟರಲ್ಲಿ ಅಡ್ಡಗೆರೆ ಅವಳಿಗೇ ಕಂಡಿತು. ಎಕ್ಸ್ ಎಲ್ಲೂ ಹೋಗಿಲ್ಲ, ಅದು ಎಷ್ಟೇ ಆಗಿರಲಿ ಉತ್ತರ ಬದಲಾಗುವುದಿಲ್ಲ, ಅಷ್ಟೇ. ಇಳಿಜಾರು ಸೊನ್ನೆ ಅನ್ನುವುದೂ ಅಲ್ಲೇ ಅರ್ಥವಾಯಿತು. ಆಗುಂಬೆ ಘಾಟಿ ಇಳಿದ ಮಕ್ಕಳಿಗೆ ಇಳಿಜಾರು ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ.

ಒಂದು ವಿಷಯ ದಯವಿಟ್ಟು ಸೇರಿಸಿ. ಎಕ್ಸ್ = 4 ಅಂತ ಬರೆದರೆ ಗೆರೆ ನೆಟ್ಟಗೆ ನಿಲ್ಲುತ್ತದೆ, ಅದು ವೈಯನ್ನು ಕೊಡುವ ಫಂಕ್ಷನ್ನೇ (ಒಂದು ಎಕ್ಸ್‌ಗೆ ಒಂದೇ ವೈ ಕೊಡುವ ನಿಯಮ) ಅಲ್ಲ, ಯಾಕಂದ್ರೆ ಒಂದೇ ಎಕ್ಸ್‌ಗೆ ಲೆಕ್ಕವಿಲ್ಲದಷ್ಟು ವೈ ಬರುತ್ತವೆ. ಮಕ್ಕಳು ಇವೆರಡನ್ನೇ ಜಾಸ್ತಿ ಅದಲುಬದಲು ಮಾಡುವುದು, ಅಲ್ವಾ?