ಮಾವನ ಉಂಗುರ, ನನ್ನ ಟ್ಯಾಂಕು

ಬೈಕಿನ ಟ್ಯಾಂಕ್ ಮೇಲೆ ಮತ್ತೊಂದು ಗೀರು ಬಿದ್ದಿದೆ. ಮುಚ್ಚಳದ ಎಡಗಡೆ, ಅಂಗುಲದಷ್ಟು ಉದ್ದ. ನೆರಳಲ್ಲಿ ನಿಲ್ಲಿಸಿದರೆ ಕಾಣಲ್ಲ, ಬಿಸಿಲಿಗೆ ತಂದರೆ ಅದು ಬಿಟ್ಟು ಬೇರೇನೂ ಕಾಣಲ್ಲ. ಕಪ್ಪು ಬಣ್ಣದ ಬೈಕ್ ತಗೊಂಡವರಿಗೆ ಈ ಸಂಕಟ ಹೇಳಬೇಕಾಗಿಲ್ಲ. ಹೆಂಡತಿಗೆ ಬೆರಳಿಟ್ಟು ತೋರಿಸಿದೆ. "ಓ ಇದಾ, ಧೂಳು ಕಣ್ರೀ" ಅಂತ ಸೆರಗಿನ ಜರಿ ಅಂಚಿನಲ್ಲೇ ಉಜ್ಜೋಕೆ ಬಂದಳು. ಹಾರಿ ಅಡ್ಡ ನಿಂತೆ.

ನಮ್ಮೂರಲ್ಲಿ ಬೈಕಿನ ಸೀಟು ಕೂರೋದಕ್ಕೆ, ಟ್ಯಾಂಕು ಸಾಮಾನು ಇಡೋದಕ್ಕೆ. ದೇವರಾಜ ಮಾರುಕಟ್ಟೆ ಹತ್ತಿರ ನಿಲ್ಲಿಸಿ ಒಂದು ಮೊಳ ಮಲ್ಲಿಗೆ ತಗೊಂಡು ಬರೋಷ್ಟರಲ್ಲಿ ಯಾರದೋ ತರಕಾರಿ ಚೀಲ ಟ್ಯಾಂಕ್ ಮೇಲೆ ಕೂತಿರುತ್ತದೆ. ಚೀಲದ ಯಜಮಾನರು ಪಕ್ಕದಲ್ಲೇ ಫೋನಿನಲ್ಲಿ. ನಾವು ಕೀಲಿ ತೋರಿಸಿದರೆ ಒಂದು ಕೈ ಎತ್ತಿ ಸುಮ್ನಿರಿ ಅನ್ನೋ ಹಾಗೆ ಸನ್ನೆ ಮಾಡ್ತಾರೆ, ಅವರ ಮನೆ ಟೀಪಾಯಿ ನಾವು ಕೇಳ್ತಿದ್ದೀವೇನೋ ಅನ್ನೋ ಹಾಗೆ. ಅರಸು ರಸ್ತೆಯಲ್ಲಿ ಪಕ್ಕದ ಗಾಡಿಯವನು ಹ್ಯಾಂಡಲ್ ತಿರುಗಿಸಿದರೆ ಅವನ ಬ್ರೇಕ್ ಲಿವರ್ ತುದಿ ಸೀದಾ ನಮ್ಮ ಟ್ಯಾಂಕಿಗೆ. ಆಯುಧಪೂಜೆ ದಿನ ಬಳಿದ ವಿಭೂತಿ, ಅರಿಶಿನ, ಕುಂಕುಮ ಒಣಗಿ ಗಟ್ಟಿಯಾಗುತ್ತೆ, ಮಾರನೇ ದಿನ ಯಾರಾದರೂ ಭಕ್ತಿಯಿಂದ ಒಣಬಟ್ಟೆಯಲ್ಲಿ ಒರೆಸಿಬಿಡ್ತಾರೆ.

ಈ ಒಣಬಟ್ಟೆ ಒರೆಸೋರಿಗೆ ಒಂದು ಮಾತು. ಬಣ್ಣದ ಮೇಲೆ ಹೊಳಪಿಗೆ ಅಂತ ಕ್ಲಿಯರ್ ಕೋಟ್ ಹಾಕಿರ್ತಾರೆ, ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್. ತಲೆಕೂದಲಷ್ಟೂ ದಪ್ಪ ಇಲ್ಲ ಅಂದುಕೊಳ್ಳಿ. ಧೂಳಲ್ಲಿರೋ ಮರಳಿನ ಕಣ ಇದಕ್ಕಿಂತ ಎಷ್ಟೋ ಗಟ್ಟಿ. ಅದನ್ನ ಒತ್ತಿ ಉಜ್ಜಿದರೆ ಧೂಳು ಹೋಗುತ್ತೆ, ಜೊತೆಗೆ ಹೊಳಪೂ ಹೋಗುತ್ತೆ. ಬಿಸಿಲಲ್ಲಿ ಜೇಡರಬಲೆ ತರ ಸುತ್ತು ಸುತ್ತು ಗೆರೆ ಕಾಣೋದು ಇದರಿಂದಲೇ. ಮೊದಲು ನೀರು ಸುರೀರಿ, ಆಮೇಲೆ ಬಟ್ಟೆ. ರೆಕ್ಸಿನ್ ಕವರ್ ಹಾಕಿದರೂ ಕಾಟ ತಪ್ಪಲ್ಲ. ಧೂಳು, ಮಳೆನೀರು ಎರಡೂ ಕವರ್ ಒಳಗೇ ಸಂಸಾರ ಹೂಡ್ತವೆ, ಬೈಕ್ ಅದುರಿದಾಗೆಲ್ಲ ಒಳಗೊಳಗೇ ಉಜ್ಜುತ್ತೆ.

ಇದೆಲ್ಲ ಹೊರಗಿನವರ ಕಥೆ, ಬೈದು ಬರಬಹುದು. ನಮ್ಮ ಮಾವನವರಿಗೆ ಏನಂತ ಬೈಯೋದು?

ಮಾವ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರ ಪಾಲಿಗೆ ಮೋಟಾರ್ ಸೈಕಲ್ ಅನ್ನೋದು 1961ರಲ್ಲಿ ಮೈಸೂರಲ್ಲಿ ಶುರುವಾಗಿ 1996ರಲ್ಲಿ ಆ ಕಾರ್ಖಾನೆ ಮುಚ್ಚಿದಾಗ ಮುಗಿದುಹೋಯಿತು. ಆಮೇಲೆ ಬಂದಿದ್ದೆಲ್ಲ ಡಬ್ಬ. ಡಬ್ಬ ಅಂತ ಬಾಯಲ್ಲಿ ಹೇಳಿ ಬಿಟ್ಟರೆ ನನ್ನದೇನೂ ತಕರಾರಿಲ್ಲ, ಆದರೆ ಅವರದು ಪ್ರಾತ್ಯಕ್ಷಿಕೆ. ಮನೆಗೆ ಬಂದವರು ಚಪ್ಪಲಿ ಬಿಡೋ ಮುಂಚೆ ಬೈಕ್ ಹತ್ತಿರ ಹೋಗ್ತಾರೆ, ಬಗ್ಗಿ ಕಿವಿ ಕೊಡ್ತಾರೆ, ಕೈ ಮಗುಚಿ ಉಂಗುರದಲ್ಲಿ ಟ್ಯಾಂಕಿಗೆ ಹೊಡೀತಾರೆ. ಟಣ್.

"ಕೇಳಿಸ್ತಾ ಅಳಿಯಂದ್ರೇ? ಇದು ತಗಡಾ?"

ಕೇಳಿಸಿತು ಅಂದರೆ ಇನ್ನೊಂದು ಕಡೆ ಹೊಡೆದು ತೋರಿಸ್ತಾರೆ. ಇಲ್ಲ ಅಂದರೆ ಅದೇ ಜಾಗಕ್ಕೆ ಇನ್ನೂ ಜೋರಾಗಿ. ಸುಮ್ಮನಿದ್ದರೆ ಬಲಗಡೆ, ಎಡಗಡೆ, ಮುಚ್ಚಳದ ಸುತ್ತ, ಹಲಸಿನಹಣ್ಣು ಕೊಳ್ಳೋಕೆ ಬಂದವರ ಹಾಗೆ ತಟ್ಟುತ್ತಾ ಹೋಗ್ತಾರೆ. ಉಂಗುರ ಬರೀ ಚಿನ್ನದ್ದಾದರೂ ಸಮಾಧಾನ ಇರ್ತಿತ್ತು. ಗುರುಬಲಕ್ಕೆ ಅಂತ ಜೋಯಿಸರು ಹಾಕಿಸಿದ ಕನಕ ಪುಷ್ಯರಾಗ ಅದು. ಕಲ್ಲುಗಳ ಗಟ್ಟಿತನದ ಲೆಕ್ಕದಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 9. ಗುರು ಅವರಿಗೆ ಎಷ್ಟು ಒಲಿದಿದ್ದಾನೋ ಗೊತ್ತಿಲ್ಲ, ನನ್ನ ಟ್ಯಾಂಕಿಗಂತೂ ವಕ್ರ. ಹೆಂಡತಿ ಹತ್ತಿರ ಹೇಳಿದರೆ "ನಮ್ಮಪ್ಪನ ಉಂಗುರ ಕಣ್ಣಿಗೆ ಚುಚ್ಚುತ್ತಾ?" ಅಂತಾಳೆ. ಕಣ್ಣಿಗಲ್ಲ ಮಾರಾಯ್ತಿ.

ಅವರು ಹೇಳೋದರಲ್ಲಿ ಸುಳ್ಳಿಲ್ಲ, ಅದೇ ನನಗೆ ಜಾಸ್ತಿ ಉರಿಯೋದು. ಹಳೇ ಜಾವಾ ಟ್ಯಾಂಕ್ ನೋಡಿದ್ದೀರಲ್ವಾ? ಎರಡೂ ಪಕ್ಕ ಫಳಫಳ ಕ್ರೋಮ್, ಮಂಡಿ ತಾಗೋ ಕಡೆ ರಬ್ಬರ್ ಪ್ಯಾಡ್. ಕಾಲು ಉಜ್ಜೋದು ರಬ್ಬರಿಗೆ, ಬಣ್ಣಕ್ಕಲ್ಲ. ಈಗ ಆ ರಬ್ಬರಿನ ಕೆಲಸಕ್ಕೆ ಟ್ಯಾಂಕ್ ಪ್ಯಾಡ್ ಅಂತ ಬೇರೆ ದುಡ್ಡು ಕೊಟ್ಟು ಅಂಟಿಸಬೇಕು.

ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಹಳೇ ಗಾಡಿಗಳೆಲ್ಲ ಒಂದು ಕಡೆ ಸೇರ್ತವೆ. ಈ ಸಲ ಮಾವನನ್ನ ನಾನೇ ಕರೆದುಕೊಂಡು ಹೋಗಿದ್ದೆ. ಉಂಗುರದ ಕೈಯನ್ನ ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದರಿಂದ ಅದನ್ನ ಹಿಡಿದುಕೊಂಡು, ಒಂದೊಂದು ಗಾಡಿ ಮುಂದೆಯೂ ಬಗ್ಗಿ ನೋಡಿದರು. ಒಂದು ಟ್ಯಾಂಕನ್ನೂ ಮುಟ್ಟಲಿಲ್ಲ. ಕಡುಗೆಂಪು ಬಣ್ಣದ ಒಂದರ ಹತ್ತಿರ ಮಾತ್ರ ತುಂಬಾ ಹೊತ್ತು ನಿಂತರು. "ಇದು ನಮ್ಮ ಕಾಲದ್ದು" ಅಂದರು, ಯಾರಿಗೂ ಅಲ್ಲ. ಬರ್ತಾ ದಾರಿಯಲ್ಲಿ ಮಾತೇ ಇಲ್ಲ. ನನಗೂ ಒಂಥರಾ ಆಯಿತು. ಮನೆ ಮುಂದೆ ಇಳಿದವರೇ ಟಣ್ ಅನ್ನಿಸಿದರು ಅನ್ನೋದು ಬೇರೆ ವಿಷಯ.

ಕೊನೆಗೆ ಟ್ಯಾಂಕಿಗೆ ಪಾರದರ್ಶಕ ಫಿಲ್ಮ್ ಹಾಕಿಸಿದೆ. 200 ಮೈಕ್ರಾನ್, ಅಂದರೆ ಕ್ಲಿಯರ್ ಕೋಟಿನ ನಾಲ್ಕೈದು ಪಟ್ಟು ದಪ್ಪ. ಸಣ್ಣಪುಟ್ಟ ಗೀರು ಬಿದ್ದರೆ ಬಿಸಿಲಿನ ಶಾಖಕ್ಕೆ ತಾನೇ ಮಾಯುತ್ತೆ ಅಂತೆ. ರೇಟು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ, ಅವಳು ಓದ್ತಾಳೆ. ಈಗ ಎಷ್ಟು ಬೇಕಾದರೂ ತಟ್ಟಲಿ ಅಂತ ಮೊನ್ನೆ ಮಾವ ಬಂದಾಗ ಒಳಗೆ ಕೂತು ನಿಶ್ಚಿಂತೆಯಿಂದ ಕಾಫಿ ಕುಡೀತಿದ್ದೆ. ಟಣ್ ಕೇಳಿಸಲಿಲ್ಲ. ಬದಲಿಗೆ ಚರ್ರ್ ಅಂತ ಏನೋ ಸದ್ದು. ಓಡಿ ಹೋಗಿ ನೋಡಿದರೆ ಫಿಲ್ಮಿನ ಒಂದು ಮೂಲೆ ಉಗುರಲ್ಲಿ ಎಬ್ಬಿಸಿ ಗೇಣುದ್ದ ಎಳೆದಿದ್ದಾರೆ.

"ಏನು ಅಳಿಯಂದ್ರೇ, ಶೋರೂಮಿನ ಪ್ಲಾಸ್ಟಿಕ್ ಇನ್ನೂ ಕಿತ್ತೇ ಇಲ್ವಲ್ಲ ನೀವು! ಬನ್ನಿ, ಆ ಕಡೆ ಹಿಡ್ಕೊಳ್ಳಿ."